ತಂಪುಮನೆಯ ಉದ್ಘಾಟನೆ

ಆ ಬೇಸಿಗೆಯಲ್ಲಿ ಇಡೀ ಬೀದಿಯಲ್ಲಿ ತಣ್ಣಗೆ ಕೂತಿದ್ದದ್ದು ಎಂದರೆ ತಂಪುಮನೆಯ ಖಾಲಿ ಕುರ್ಚಿಗಳು ಮಾತ್ರ. ಉಳಿದವರೆಲ್ಲ ಬೇಯುತ್ತಿದ್ದರು. ತಂಪುಮನೆ ನಗರಸಭೆಯವರು ಕಟ್ಟಿಸಿದ ಹೊಸ ಕಟ್ಟಡ. ಗಾಜಿನ ಬಾಗಿಲು, ಮೂಲೆಗೊಂದು ಏಸಿ, ಕುಡಿಯುವ ನೀರಿನ ಕ್ಯಾನುಗಳು, ತೀರಾ ಸುಸ್ತಾದವರು ಮಲಗಲಿ ಎಂದು ಎರಡು ಮಂಚ, ಏಸಿ ನಿಲ್ಲಬಾರದೆಂದು ಹಿತ್ತಿಲಲ್ಲಿ ಜನರೇಟರ್ ಬೇರೆ. ಬಿಸಿಲಿನ ಹೊಡೆತ ತಾಳಲಾರದವರು ಬಂದು ಸುಧಾರಿಸಿಕೊಳ್ಳಲಿ ಎಂದೇ ಕಟ್ಟಿದ್ದು. ಕಟ್ಟಲು ಜಾಗ ಬೇಕಲ್ಲ, ಅದಕ್ಕೆ ಬೀದಿಯಲ್ಲಿ ಉಳಿದುಕೊಂಡಿದ್ದ ಎರಡು ಮುದಿ ಮರಗಳನ್ನು ಕಡಿದರು. ನೆರಳನ್ನು ಉರುಳಿಸಿ ನೆರಳಿನ ಮನೆ ಕಟ್ಟುವ ಬುದ್ಧಿ ಯಾರಿಗೆ ಹೊಳೆಯಿತೋ ಕಾಣೆ. ಹೋಗಲಿ, ಕಟ್ಟಿದ್ದಾಯಿತಲ್ಲ, ಬಾಗಿಲು ತೆಗೆಯಬಹುದಿತ್ತು. ತೆಗೆಯಲಿಲ್ಲ. ಉದ್ಘಾಟನೆ ಆಗಿರಲಿಲ್ಲ.

ಆ ಬಾಗಿಲಿನ ಬೀಗದ ಕೈ ಇದ್ದದ್ದು ಸೊಸೆಯ ಬಳಿ. ಸೊಸೆ ಎಂದರೆ ಎದುರು ಕಟ್ಟಡದ ಕೊನೆಯ ಮಹಡಿಯ ಟೈಲರಮ್ಮನ ಸೊಸೆ. ಅವಳನ್ನು ಎಲ್ಲರೂ ಹಾಗೆ ಕರೆದೇ ರೂಢಿ. ಕಸ ಗುಡಿಸಿ, ನೆಲ ಒರೆಸಿ, ಕುರ್ಚಿಗಳ ಧೂಳು ಹೊಡೆದು, ಬೆಳಗಿನಿಂದ ಸಂಜೆಯವರೆಗೆ ತಂಪುಮನೆ ಕಾಯುವುದು ಅವಳ ಕೆಲಸ. ಅವಳನ್ನು ಕೆಲಸಕ್ಕೆ ಹಾಕಿದ ಎಂಜಿನಿಯರು ಮೊದಲ ದಿನವೇ ಬೆರಳೆತ್ತಿ ಹೇಳಿದ್ದ.

"ನೋಡಮ್ಮ, ಉದ್ಘಾಟನೆ ಆಗೋವರೆಗೆ ಒಂದು ನೊಣಾನೂ ಒಳಗೆ ಬರಬಾರದು. ದೊಡ್ಡವರು ಬಂದಾಗ ಎಲ್ಲಾ ಫಳಫಳ ಅನ್ನಬೇಕು. ಏಸಿ ಮಾತ್ರ ದಿನಾ ಓಡ್ತಾ ಇರಲಿ."

"ಯಾರೂ ಇಲ್ದೆ ಏಸಿ ಯಾಕೆ ಸಾರ್?"

"ದೊಡ್ಡವರು ಯಾವಾಗ ಬೇಕಾದ್ರೂ ಬರಬಹುದು. ಬಂದ ತಕ್ಷಣ ತಂಪಾಗಿರಬೇಕು. ನಿನಗೆ ಹೇಳಿದಷ್ಟು ಮಾಡು."

ಕುರ್ಚಿಗಳಿಗೆ ಸೆಕೆಯಾಗಬಾರದು ನೋಡಿ. ಸೊಸೆ ಬಾಯಿ ಮುಚ್ಚಿಕೊಂಡು ಹೇಳಿದಷ್ಟು ಮಾಡಿದಳು.

ದೊಡ್ಡವರು ಎಂದರೆ ನಗರಸಭೆಯ ಮೇಲಿನ ಕುರ್ಚಿಯಲ್ಲಿ ಕೂತಿರುವವರು. ರಿಬ್ಬನ್ ಕತ್ತರಿಸಬೇಕಾದವರು ಅವರು. ಮೊದಲ ಸಲ ದಿನ ಗೊತ್ತುಮಾಡಿದಾಗ ಅವರು ಪರದೇಶಕ್ಕೆ ಹೋಗಿಬಿಟ್ಟರು. ಆಮೇಲೆ ಗೊತ್ತಾದ ದಿನ ಅವರಿಗೆ ಬೇರೆ ಕಡೆ ಸಮಾರಂಭವಿತ್ತು. ಅದಾದ ಮೇಲಿನ ಕಾರಣ ಕೇಳಿ ನಗಬೇಕೋ ಅಳಬೇಕೋ ನೀವೇ ಹೇಳಿ. ಬಿಸಿಲು ವಿಪರೀತವಾಗಿದೆ, ಈ ಬಿಸಿಲಿನಲ್ಲಿ ದೊಡ್ಡವರು ಹೊರಗೆ ಕಾಲಿಡುವುದು ಬೇಡವೆಂದು ಡಾಕ್ಟರು ಹೇಳಿದ್ದಾರೆ, ಬಿಸಿಲು ತಗ್ಗಿದ ಮೇಲೆ ತಂಪುಮನೆಯ ಉದ್ಘಾಟನೆ ಇಟ್ಟುಕೊಳ್ಳೋಣ ಎಂದು ಮೇಲಿನಿಂದ ಹೇಳಿಕಳಿಸಿದರು. ಎಂಜಿನಿಯರು ಇದನ್ನು ಒಂಚೂರೂ ನಗದೆ ಹೇಳಿದ. ಸೊಸೆಗೂ ನಗು ಬರಲಿಲ್ಲ. ಅವಳ ಕಣ್ಣು ತಂತಾನೇ ಎದುರು ಕಟ್ಟಡದ ಮೇಲಿನ ಕಿಟಕಿಯ ಕಡೆ ಹೋಯಿತು. ಅಲ್ಲಿ ಅವಳ ಅತ್ತೆ ಕೂತಿದ್ದಳು.

ಇನ್ನು ಆ ರಿಬ್ಬನ್ನಿನ ಕಥೆ. ಮೊದಲು ಗೊತ್ತಾಗಿದ್ದ ದಿನದ ಹಿಂದಿನ ಸಂಜೆ ಎಂಜಿನಿಯರು ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ಆರ್ಡರ್ ಕೊಟ್ಟಿದ್ದ ರಿಬ್ಬನ್ ಬಂದಿರಲಿಲ್ಲ. ಸೊಸೆ ಸುಮ್ಮನಿರಲಾರದೆ, ನಮ್ಮತ್ತೆ ಟೈಲರ್ ಸಾರ್, ಹೊಲಿದು ಕೊಡ್ತಾರೆ ಎಂದಳು. ಅತ್ತೆಗೆ ಅಷ್ಟು ಸಾಕಾಯಿತು. ಯಾವ ಕಾಲದಿಂದಲೋ ಎತ್ತಿಟ್ಟಿದ್ದ ಕೆಂಪು ಸ್ಯಾಟಿನ್ ಬಟ್ಟೆ ಹೊರಗೆ ಬಂತು. ಎರಡೂ ಅಂಚು ಮಡಿಸಿ ಹೊಲಿದು, ನಡುವೆ ಅಂಗೈಯಗಲದ ನೆರಿಗೆಯ ಹೂವು ಕೂರಿಸಿ, ಬೆಳಗಾಗುವುದರೊಳಗೆ ರಿಬ್ಬನ್ ಸಿದ್ಧ. ಅದನ್ನು ಬೇರೆಯವರು ಕಟ್ಟಿದರೆ ಸೊಟ್ಟಗಾಗುತ್ತದೆಂದು, ಮಂಡಿ ನೋವಿನ ಮುದುಕಿ ಗೋಡೆ ಹಿಡಿದುಕೊಂಡು ಅಷ್ಟೂ ಮಹಡಿ ಇಳಿದು ಬಂದು, ಬಾಗಿಲ ಮುಂದಿನ ಎರಡು ಕಂಬಗಳಿಗೆ ತಾನೇ ಬಿಗಿದಳು. ಎದೆಯ ಮಟ್ಟಕ್ಕೆ, ಒಂದು ಸುಕ್ಕಿಲ್ಲದ ಹಾಗೆ.

"ಬಿಚ್ಚೋಕೆ ಕಟ್ಟಿದ ಗಂಟಲ್ಲ ಇದು," ಎಂದಿದ್ದಳು ಎಂಜಿನಿಯರಿಗೆ. "ಕತ್ತರಿಸೋಕೆ ಅಂತ ಕಟ್ಟಿದ್ದು. ಚೂಪಾದ ಕತ್ತರಿ ಕೊಡಿ ಅವರಿಗೆ. ಮೊಂಡು ಕತ್ತರಿ ಹಾಕಿದ್ರೆ ಅಂಚು ಹಾಳಾಗುತ್ತೆ."

ಅಂದಿನಿಂದ ರಿಬ್ಬನ್ ಅಲ್ಲೇ ಇತ್ತು. ಸೊಸೆ ದಿನಾ ಅದರ ಅಡಿಯಲ್ಲಿ ನುಸುಳಿ ಒಳಗೆ ಹೋಗುತ್ತಿದ್ದಳು, ನುಸುಳಿ ಹೊರಗೆ ಬರುತ್ತಿದ್ದಳು. ಹೂವಿನ ಮೇಲೆ ಕೂತ ಧೂಳನ್ನು ಅವಳು ಮೆತ್ತಗೆ ಊದಿ ತೆಗೆಯುವುದೂ ಇತ್ತು.

ಅತ್ತೆ ಸೊಸೆ ಇರುತ್ತಿದ್ದ ಕೋಣೆಯ ಮೇಲೆ ಬೇರೆ ಮಹಡಿಯಿಲ್ಲ, ಬರೀ ತಾರಸಿ. ಬೆಳಗ್ಗೆ ಕಾಯಲು ಶುರುವಾದ ಕಾಂಕ್ರೀಟು ರಾತ್ರಿಯಾದರೂ ಆರುತ್ತಿರಲಿಲ್ಲ. ಇದ್ದ ಒಂದೇ ಕಿಟಕಿ ಪಶ್ಚಿಮಕ್ಕೆ. ಕೆಳಗಿನ ಮನೆಗಳ ಏಸಿ ಡಬ್ಬಗಳು ಉಗುಳಿದ ಬಿಸಿಗಾಳಿಯೆಲ್ಲ ಗೋಡೆ ಹತ್ತಿಕೊಂಡು ಬಂದು ಆ ಕಿಟಕಿಯಲ್ಲೇ ನುಗ್ಗುತ್ತಿತ್ತು. ಕೆಳಗಿನವರಿಗೆ ತಂಪು ಬೇಕು, ಸರಿ, ಆದರೆ ಅವರು ಬೇಡವೆಂದು ಹೊರಹಾಕಿದ ಬಿಸಿಯನ್ನು ಯಾರಾದರೂ ಅನುಭವಿಸಲೇಬೇಕಲ್ಲ. ಅದಕ್ಕೆ ಟೈಲರಮ್ಮ ಇದ್ದಳು. ಹೊಲಿಗೆ ಮೆಷಿನ್ನು ಕಿಟಕಿ ಪಕ್ಕದಲ್ಲಿತ್ತು, ಬೆಳಕು ಬೇಕಲ್ಲ. ಕಿಟಕಿಯ ಕಟ್ಟೆಯ ಮೇಲೆ ಅತ್ತೆಯ ದೊಡ್ಡ ಕಬ್ಬಿಣದ ಕತ್ತರಿ. ಸಂಜೆ ಹೊತ್ತಿಗೆ ಅದು ಎಷ್ಟು ಕಾಯುತ್ತಿತ್ತೆಂದರೆ, ಒಂದು ಸಲ ಸೊಸೆ ಅವಸರದಲ್ಲಿ ಬರಿಗೈಯಲ್ಲಿ ಮುಟ್ಟಿ ಚೀರಿದ್ದಳು.

"ಬಟ್ಟೆ ಹಿಡಿದು ತಗೋಬಾರದಾ?" ಎಂದು ಅತ್ತೆ ಬೈದಿದ್ದಳು. "ನಾನು ದಿನಾ ಹಾಗೇ ತಗೊಳ್ಳೋದು. ನಿನಗೆ ಎಲ್ಲದಕ್ಕೂ ಅವಸರ."

"ಅದನ್ನ ಕಿಟಕೀಲಿ ಇಡಬೇಡಿ ಅಂದ್ರೆ ಕೇಳಲ್ಲ ನೀವು."

"ನಾನು ಈ ಮನೆಗೆ ಬಂದಾಗಿಂದ ಅದು ಅಲ್ಲೇ ಇದೆ. ಆಗ ಸುಡ್ತಿರಲಿಲ್ಲ. ಜಾಗ ಬದಲಾಯಿಸಬೇಕಾದ್ದು ಕತ್ತರಿ ಅಲ್ಲ, ಬಿಸಿಲು."

ಅತ್ತೆಯ ಮಾತೇ ಹಾಗೆ. ಸೊಸೆಯನ್ನು ದಿನಕ್ಕೆ ಹತ್ತು ಸಲ ಬೈಯದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ, ಬೈಸಿಕೊಳ್ಳದಿದ್ದರೆ ಸೊಸೆಗೂ ಸೇರುತ್ತಿರಲಿಲ್ಲ. ಮಗ ದೂರದೂರಿಗೆ ಲಾರಿ ಓಡಿಸುವವನು. ಮನೆಯಲ್ಲಿ ಇಬ್ಬರೇ ಇದ್ದು ಇದ್ದು, ಕಿತ್ತಾಡುವುದೇ ಅವರಿಗೆ ಮಾತಾಡುವ ರೀತಿಯಾಗಿಬಿಟ್ಟಿತ್ತು.

ತಂಪುಮನೆಯ ಬೀಗ ಮೊದಲು ಕದ್ದು ತೆಗೆದದ್ದು ಇಸ್ತ್ರಿ ಅಣ್ಣನಿಗಾಗಿ. ಎದುರು ಕಟ್ಟಡದ ಮೆಟ್ಟಿಲ ಬುಡದಲ್ಲಿ ಕೆಂಡದ ಪೆಟ್ಟಿಗೆ ಇಟ್ಟುಕೊಂಡು ಬೀದಿಯ ಬಟ್ಟೆಗೆಲ್ಲ ಇಸ್ತ್ರಿ ಹಾಕುವವನು. ಒಂದು ಮಧ್ಯಾಹ್ನ ಯಾರದೋ ಅಂಗಿಯ ಮೇಲೆ ಹಾಗೇ ಕುಸಿದ. ಸೊಸೆ ನೋಡಿದಳು. ಎಂಜಿನಿಯರ ಬೆರಳು ಕಣ್ಣ ಮುಂದೆ ಬಂತು. ಬಂದರೆ ಬರಲಿ ಎಂದು ರಿಬ್ಬನ್ನಿನ ಅಡಿಯಲ್ಲಿ ಅವನನ್ನು ತಳ್ಳಿಕೊಂಡು ಒಳಗೆ ಕರೆದೊಯ್ದು ಕೂರಿಸಿದಳು. ಮರುದಿನ ಎರಡನೆಯ ಮಹಡಿಯ ಬಸುರಿ ಹುಡುಗಿ ಬಂದಳು. ಆಮೇಲೆ ಕೆಲಸ ಸಿಗದೆ ಮನೆಯಲ್ಲಿದ್ದ ಪೇಂಟರು, ಅವನ ಹಿಂದೆ ಇನ್ನೂ ನಾಲ್ಕಾರು ಜನ. ಎಲ್ಲರೂ ಬಗ್ಗಿ ಬರುವವರೇ. ಚಪ್ಪಲಿ ಕೈಯಲ್ಲಿ ಹಿಡಿದು, ಹಾಸಿದ ಹಳೆಯ ಚಾದರದ ಮೇಲೆ ಮಾತ್ರ ಕೂತು, ಕುಡಿದ ಲೋಟ ತಾವೇ ತೊಳೆದಿಟ್ಟು, ಹೋಗುವಾಗ ರಿಬ್ಬನ್ನಿಗೆ ತಲೆ ತಾಗೀತೆಂದು ಹೆದರಿ ಮತ್ತೆ ಬಗ್ಗಿ ಹೋಗುವವರು. ತಮಗೆಂದೇ ಕಟ್ಟಿದ ಮನೆಯಲ್ಲಿ ಕಳ್ಳರ ಹಾಗೆ.

ಬಾರದಿದ್ದವಳು ಅತ್ತೆ ಒಬ್ಬಳೇ.

"ನನಗೆ ಮಂಡಿ ಮಡಚೋಕಾಗಲ್ಲ, ಸೊಂಟ ಬಗ್ಗಲ್ಲ. ನೆಲದ ಮೇಲೆ ತೆವಳಿಕೊಂಡು ಹೋಗ್ಲಾ?" ಎಂದಳು.

"ಒಂದು ಕಡೆ ಗಂಟು ಬಿಚ್ತೀನಿ. ನೀವು ಒಳಗೆ ಹೋದ ಮೇಲೆ ಮತ್ತೆ ಕಟ್ತೀನಿ."

"ನೀನು ಕಟ್ಟಿದ್ದು ಗೊತ್ತಾಗಲ್ವಾ ಆ ಎಂಜಿನಿಯರಿಗೆ? ನೀನು ಸೂಜಿಗೆ ದಾರ ಹಾಕಿದ್ರೂ ಸೊಟ್ಟ. ಬಿಚ್ಚಿದ್ರೆ ಹೂವು ಕುಸಿಯುತ್ತೆ, ಸ್ಯಾಟಿನ್ ಮೇಲೆ ಗಂಟಿನ ಗುರುತು ಉಳಿಯುತ್ತೆ. ನಿನ್ನ ಕೆಲಸ ಹೋಗುತ್ತೆ. ಆಮೇಲೆ ಮನೇಲಿ ಕೂತು ನನ್ನ ತಲೆ ತಿಂತೀಯ."

"ಅತ್ತೆ, ಇವತ್ತು ಮೈ ಬೆಂಕಿಯಾಗಿದೆ ನಿಮ್ಮದು."

"ನಿನ್ನ ನಾಲಿಗೆಗಿಂತ ಕಮ್ಮಿ," ಎಂದು ಅತ್ತೆ ಒದ್ದೆ ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಬೇರೆಯದೇ ದನಿಯಲ್ಲಿ ಹೇಳಿದಳು. "ನಾನು ಹೊಲಿದ ರಿಬ್ಬನ್ ಅದು. ಟೀವೀಲಿ ಬರುತ್ತಂತೆ. ಕತ್ತರಿಸಿದ ದಿನ ಇಳಿದು ಬರ್ತೀನಿ. ಎಲ್ಲರ ಮುಂದೆ, ಎದುರು ಬಾಗಿಲಿಂದ, ನೆಟ್ಟಗೆ ನಡ್ಕೊಂಡು ಒಳಗೆ ಹೋಗ್ತೀನಿ. ಹೊಸ ಬಟ್ಟೆ ತೆಗೆದಿಟ್ಟಿದೀನಿ."

ಸೊಸೆ ಆ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ ಕೊಟ್ಟಳು. ಇನ್ನೇನು ನಾಳೆಯೋ ನಾಡಿದ್ದೋ ಆಗುತ್ತದೆ ಎಂದುಕೊಂಡಳು. ಎಲ್ಲರೂ ಹಾಗೇ ಅಂದುಕೊಂಡಿದ್ದರು.

ಆ ಕೆಟ್ಟ ದಿನ ಬೆಳಗ್ಗೆಯೇ ಕಟ್ಟಡದ ಕರೆಂಟು ಹೋಯಿತು. ಊರಿನ ಏಸಿಗಳೆಲ್ಲ ಒಟ್ಟಿಗೆ ಎಳೆದ ಎಳೆತಕ್ಕೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಮೇಲಿನ ಕೋಣೆಯ ಫ್ಯಾನು ನಿಂತಿತು. ಸೊಸೆ ಅತ್ತೆಯ ಪಕ್ಕ ನೀರಿನ ಕೊಡ ಇಟ್ಟು, ಒದ್ದೆ ಬಟ್ಟೆ ಇಟ್ಟು, ಮಧ್ಯಾಹ್ನಕ್ಕೆ ಮುಂಚೆಯೇ ಬರ್ತೀನಿ, ಇವತ್ತು ಏನಾದ್ರಾಗಲಿ ಕೆಳಗೆ ಕರ್ಕೊಂಡು ಹೋಗ್ತೀನಿ ಎಂದು ಹೇಳಿ ಇಳಿದಳು. ಅತ್ತೆ ಬೈಯಲಿಲ್ಲ ಎಂಬುದು ಸೊಸೆಗೆ ಮೆಟ್ಟಿಲು ಇಳಿಯುವಾಗ ಕುಟುಕಿತು.

ಕೆಳಗೆ ಬಂದರೆ ಎಂಜಿನಿಯರು ಹಾಜರು. ತಪಾಸಣೆಯಂತೆ. ಅವನ ಆಫೀಸಿನಲ್ಲೂ ಕರೆಂಟಿಲ್ಲ, ಇಲ್ಲಿ ಜನರೇಟರ್ ಇದೆ, ತಪಾಸಣೆಗೆ ಇದಕ್ಕಿಂತ ಒಳ್ಳೆಯ ದಿನ ಎಲ್ಲಿ ಸಿಗುತ್ತದೆ ಹೇಳಿ. ರಿಬ್ಬನ್ನಿನ ಅಡಿಯಲ್ಲಿ ಬಗ್ಗಿ ಬಂದು, ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದರ ಮೇಲೆ ಕಾಲು ಚಾಚಿ, ಫೋನು ಹಿಡಿದುಕೊಂಡ. ಗಾಜಿನಾಚೆ ಇಸ್ತ್ರಿ ಅಣ್ಣ ಬಂದು ಇಣುಕಿ ನೋಡಿ, ಒಳಗಿರುವವನನ್ನು ಕಂಡು ಹಿಂದೆ ಸರಿದ. ಬಸುರಿ ಹುಡುಗಿ ಬಂದಳು, ಅವಳೂ ಹೋದಳು. ಸೊಸೆ ಒಳಗೆ ನಿಂತು ಮೈ ಪರಚಿಕೊಳ್ಳುತ್ತಿದ್ದಳು.

"ಸಾರ್, ಒಂದು ನಿಮಿಷ ಮನೆಗೆ ಹೋಗಿ ಬರ್ತೀನಿ. ಅತ್ತೆಗೆ ಹುಷಾರಿಲ್ಲ."

"ಹೋಗುವೆಯಂತೆ ಇರಮ್ಮ. ಈ ಕುರ್ಚಿ ಸಾಲು ಆ ಕಡೆ ಹಾಕು, ಫೋಟೋದಲ್ಲಿ ಕಂಬ ಅಡ್ಡ ಬರುತ್ತೆ."

ಅವಳು ಸಾಲು ಆ ಕಡೆ ಹಾಕಿದಳು. ಅವನು ನೋಡಿ, ಊಹೂಂ, ಮೊದಲು ಇದ್ದದ್ದೇ ಸರಿ ಎಂದ. ಅವಳು ಮತ್ತೆ ಈ ಕಡೆ ಹಾಕಿದಳು. ಇನ್ನೊಮ್ಮೆ ಕೇಳಿದಳು. ಅವನು ಫೋನಿನಲ್ಲಿದ್ದ, ಕೈ ಮಾಡಿ ಸುಮ್ಮನಿರು ಎಂದ. ಅವಳು ನಿಂತೇ ಇದ್ದಳು. ಕೆಲಸ ಬಿಟ್ಟು ಓಡಿದ್ದರೆ ಏನಾಗುತ್ತಿತ್ತು ಎಂದು ಇವತ್ತು ಕೇಳುವುದು ಸುಲಭ. ದಿನಗೂಲಿಯಲ್ಲಿ ಮನೆ ನಡೆಸುವವರ ಕಾಲು ಅಷ್ಟು ಸುಲಭಕ್ಕೆ ಕಿತ್ತು ಬರುವುದಿಲ್ಲ.

ಎಂಜಿನಿಯರು ಊಟಕ್ಕೆಂದು ಎದ್ದಾಗ ಮಧ್ಯಾಹ್ನ ಯಾವಾಗಲೋ ಕಳೆದಿತ್ತು. ಅವನ ಬೆನ್ನು ತಿರುಗುತ್ತಲೇ ಸೊಸೆ ಬೀದಿ ದಾಟಿ, ಮೆಟ್ಟಿಲು ಎರಡೆರಡಾಗಿ ಹತ್ತಿ ಮೇಲೆ ಹೋದಳು.

ಅತ್ತೆ ಹೊಸ ಬಟ್ಟೆ ಉಟ್ಟು ಕೂತಿದ್ದಳು. ತಲೆ ಬಾಚಿತ್ತು. ಕೊಡದ ನೀರು ಹಾಗೇ ಇತ್ತು. ಮುಖ ಕೆಂಪಗೆ, ಮೈಯಲ್ಲಿ ಒಂದು ಹನಿ ಬೆವರಿಲ್ಲ, ಮುಟ್ಟಿದರೆ ಬಿಸಿ ಹಂಚು.

"ಬಂದ್ರಾ ಅವರು?" ಎಂದಳು. "ನಾನು ರೆಡಿ. ನಡಿ."

"ಯಾರು ಅತ್ತೆ?"

"ದೊಡ್ಡವರು. ಕತ್ತರಿಸೋಕೆ. ಎಷ್ಟು ಹೊತ್ತಿಂದ ಕಾಯ್ತಿದೀನಿ, ನೀನು ಕರೆಯೋಕೇ ಬರಲಿಲ್ಲ." ಎದ್ದು ನಿಲ್ಲಲು ಹೋಗಿ ಹಾಗೇ ಪಕ್ಕಕ್ಕೆ ವಾಲಿದಳು.

ಸೊಸೆಯ ಕೂಗಿಗೆ ಪೇಂಟರು ಓಡಿಬಂದ, ಹಿಂದೆಯೇ ಇಸ್ತ್ರಿ ಅಣ್ಣ. ಮುದುಕಿಯನ್ನು ಕುರ್ಚಿಗೆ ಒರಗಿಸಿ ಟವೆಲ್ಲಿನಿಂದ ಕಟ್ಟಿ, ಕುರ್ಚಿಸಮೇತ ಎತ್ತಿಕೊಂಡು ಇಳಿದರು. ತಿರುವಿನಲ್ಲಿ ಗೋಡೆಗೆ ತಾಗಿ ಪೇಂಟರ ಮೊಣಕೈ ತರಚಿತು. ಬೀದಿಗೆ ಬಂದಾಗ ಕಾಲ ಕೆಳಗೆ ಡಾಂಬರು ಮೆತ್ತಗಾಗಿತ್ತು. ಹೇಗೋ ದಾಟಿ ತಂಪುಮನೆಯ ಮುಂದೆ ಬಂದರು. ಎದುರಿಗೆ ರಿಬ್ಬನ್.

ಬಗ್ಗುವವರು ಬಗ್ಗಬಹುದು. ಕುರ್ಚಿ ಬಗ್ಗುವುದಿಲ್ಲ. ಅದರಲ್ಲಿ ಕೂತಿದ್ದವಳ ಮೈಯೂ ಮಡಚುತ್ತಿರಲಿಲ್ಲ.

ಆಗ ಸೊಸೆ ಒಂದು ಕೆಲಸ ಮಾಡಿದಳು. ರಿಬ್ಬನ್ನಿನ ಗಂಟು ಬಿಚ್ಚಲು ನಿಂತಳು. ಹೌದು, ಬಿಚ್ಚಲು. ಅತ್ತೆ ಬಿಗಿದ ಗಂಟು, ಬಿಚ್ಚಲೆಂದು ಹಾಕಿದ್ದೇ ಅಲ್ಲ, ಉಗುರು ಹಾಕಿ ಕೆರೆದಳು, ತಿರುವಿದಳು, ಉಗುರು ಮುರಿಯಿತು, ಗಂಟು ಅಲುಗಲಿಲ್ಲ. ಪೇಂಟರು ಕುರ್ಚಿ ಹಿಡಿದುಕೊಂಡೇ, "ಅಕ್ಕಾ, ಹರೀರಿ ಅದನ್ನ! ಹರೀರಿ!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದ. ಅವಳ ಕಿವಿಗೆ ಬಿದ್ದರೂ ಬೆರಳಿಗೆ ಬೀಳಲಿಲ್ಲ. ದೊಡ್ಡವರು ಕತ್ತರಿಸಬೇಕಾದ್ದನ್ನು ನಾವು ಹರಿಯಬಾರದು ಎಂಬ ಭಯ ನಮ್ಮಂಥವರ ಬೆರಳಿನ ತುದಿಗೂ ಇಳಿದಿರುತ್ತದೆ. ಅಂಥ ಭಯ ಹುಟ್ಟಿಸಿಟ್ಟವರಿಗೆ ಏನು ಶಾಪ ಹಾಕಿದರೂ ಕಡಿಮೆ. ಬಿಸಿಲು ನೆತ್ತಿ ಸುಡುತ್ತಿತ್ತು, ಮುದುಕಿಯ ತಲೆ ಎದೆಗೆ ಜೋತುಬಿತ್ತು. ಅದನ್ನು ಕಂಡ ಮೇಲೆ ಸೊಸೆ ರಿಬ್ಬನ್ನಿಗೆ ಬಾಯಿ ಹಾಕಿದಳು. ಹಲ್ಲಿನಲ್ಲಿ ಕಚ್ಚಿ, ತಲೆ ಒದರಿ, ಎರಡೂ ಕೈಯಲ್ಲಿ ಜಗ್ಗಿ ಹರಿದಳು. ಕೆಂಪು ಹೂವು ನೆಲಕ್ಕೆ ಬಿತ್ತು. ಅದರ ಮೇಲೆ ಕಾಲಿಟ್ಟುಕೊಂಡೇ ಕುರ್ಚಿಯನ್ನು ಒಳಗೆ ಒಯ್ದರು.

ಮಂಚದ ಮೇಲೆ ಮಲಗಿಸಿ, ಕ್ಯಾನಿನ ನೀರೆಲ್ಲ ಸುರಿದರು. ಬಸುರಿ ಹುಡುಗಿ ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಇದ್ದಳು. ಊರಲ್ಲೆಲ್ಲ ಇದೇ ಗೋಳು, ಗಾಡಿ ಸಿಗುತ್ತಿರಲಿಲ್ಲ. ತುಂಬಾ ಹೊತ್ತಿನ ಮೇಲೆ ಅತ್ತೆ ಕಣ್ಣು ಬಿಟ್ಟಳು. ಸೊಸೆಯ ಕೈಯಲ್ಲಿ ಇನ್ನೂ ರಿಬ್ಬನ್ನಿನ ತುಂಡು ಇತ್ತು. ಅದನ್ನು ನೋಡಿದಳು. ದಾರ ದಾರ ಬಿಟ್ಟ ಅದರ ಅಂಚನ್ನು ಬೆರಳಿನಿಂದ ಸವರಿದಳು.

"ಹಲ್ಲಲ್ಲಿ ಕಚ್ಚಿದ್ಯಾ?" ಎಂದಳು. "ಅಂಚೆಲ್ಲ ಹಾಳು ಮಾಡಿದೀಯ. ಕತ್ತರಿ ಇರಲಿಲ್ವಾ?"

ಅದೇ ಕೊನೆಯ ಮಾತು. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಸ್ಪತ್ರೆಯಲ್ಲಿ ಕಣ್ಣು ಗುಳಿಬಿದ್ದ ಡಾಕ್ಟರು ವಯಸ್ಸು ಕೇಳಿದ, ವಯೋಸಹಜ ಸಾವು ಎಂದು ಬರೆದ. ಸೊಸೆ ಅವನ ಮೇಜಿಗೆ ಕೈಯೂರಿ ನಿಂತಳು. "ವಯಸ್ಸಿಂದಲ್ಲ ಡಾಕ್ಟ್ರೇ, ನಮ್ಮತ್ತೆ ನಿನ್ನೆ ಕನ್ನಡಕ ಇಲ್ದೆ ಸೂಜಿಗೆ ದಾರ ಹಾಕಿದ್ರು. ಬಿಸಿಲಿಂದ ಹೋದದ್ದು. ಬಿಸಿಲು ಅಂತ ಬರೀರಿ." ಡಾಕ್ಟರು ತಲೆ ಎತ್ತದೆ, ಹಾಗೆ ಬರೆಯೋಕೆ ಮೇಲಿಂದ ಅನುಮತಿ ಬೇಕಮ್ಮ ಎಂದ. ಸಾಯುವುದಕ್ಕೆ ಬೇಡ, ಯಾತರಿಂದ ಸತ್ತರು ಎನ್ನುವುದಕ್ಕೆ ಅನುಮತಿ ಬೇಕು.

ಮಗ ಬಂದ, ಅಮ್ಮನನ್ನು ಮಣ್ಣು ಮಾಡಿದ, ಗೋಡೆಗೆ ತಲೆ ಆನಿಸಿ ಅತ್ತ, ಮತ್ತೆ ಲಾರಿ ಹತ್ತಿದ. ಸೊಸೆ ಕೆಲಸಕ್ಕೆ ಬಂದ ದಿನ ಎಂಜಿನಿಯರು ಕಂಬದ ಬಳಿ ನಿಂತಿದ್ದ. ಅವನು ಮೊದಲು ಕೇಳಿದ ಮಾತು, "ರಿಬ್ಬನ್ ಯಾರು ಹರಿದಿದ್ದು?"

"ನಾನೇ ಸಾರ್." ಯಾಕೆಂದು ಹೇಳಿದಳು.

"ಅಯ್ಯೋ ಪಾಪ," ಎಂದ. "ಆದ್ರೂ ನನಗೊಂದು ಫೋನ್ ಮಾಡಬಹುದಿತ್ತಲ್ವಾ? ನಾನೇನು ಬೇಡ ಅಂತಿದ್ನಾ? ಸರಿ ಬಿಡು. ಇದೆಲ್ಲ ಹೊರಗೆ ಗುಲ್ಲಾಗೋದು ಬೇಡ. ಮೇಲಿನವರೂ ಬೇಗ ಮುಗಿಸೋಣ ಅಂದಿದ್ದಾರೆ. ಈ ಶುಕ್ರವಾರ ಸಂಜೆ ದೊಡ್ಡವರು ಬರ್ತಾರೆ. ನೀನೇ ಕತ್ತರಿ ತಟ್ಟೆ ಹಿಡ್ಕೋ. ಕೆಲಸದವರನ್ನೂ ಸೇರಿಸಿಕೊಂಡಂಗೆ ಕಾಣುತ್ತೆ. ನಿಮ್ಮತ್ತೆಗೂ ಒಂದು ಗೌರವ."

ಗೌರವ ಎಂಬ ಮಾತು ಕೇಳಿ ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯಲಿಲ್ಲ. "ಆಗಲಿ ಸಾರ್," ಎಂದಳು.

ಶುಕ್ರವಾರ ಬಂತು. ಅಂಗಡಿಯ ಹೊಸ ರಿಬ್ಬನ್, ಅದಕ್ಕೆ ಪ್ಲಾಸ್ಟಿಕ್ ಹೂವು. ಬಾಗಿಲ ಮುಂದೆ ಶಾಮಿಯಾನ, ಅದರಡಿಯಲ್ಲಿ ಆಳೆತ್ತರದ ಫ್ಯಾನುಗಳು, ಅವುಗಳ ಮುಂದೆ ದೊಡ್ಡ ದೊಡ್ಡ ಮಂಜುಗಡ್ಡೆ. ಅಷ್ಟು ಮಂಜು ಆ ದಿನ ಮೇಲಿನ ಕೋಣೆಯಲ್ಲಿದ್ದಿದ್ದರೆ ಎಂದು ಸೊಸೆ ಯೋಚಿಸಿದಳು. ಎಂಜಿನಿಯರು ಒಂದು ಡಬ್ಬಿಯಿಂದ ಪುಟ್ಟ ಕತ್ತರಿ ತೆಗೆದು ಕೊಟ್ಟ. ಹಿಡಿಗೆ ಚಿನ್ನದ ಬಣ್ಣ, ಆಟದ ಸಾಮಾನಿನ ಹಾಗಿತ್ತು.

"ತಟ್ಟೆ ಮೇಲೆ ಹಾಸೋಕೆ ಒಳ್ಳೆ ಬಟ್ಟೆ ತರ್ತೀನಿ ಸಾರ್," ಎಂದು ತಟ್ಟೆಯನ್ನೂ ಕತ್ತರಿಯನ್ನೂ ಹಿಡಿದುಕೊಂಡು ಸೊಸೆ ಮನೆಗೆ ಹೋದಳು.

ಕೋಣೆಯಲ್ಲಿ ಸಂಜೆಯ ಬಿಸಿಲು ನೇರ ಕಿಟಕಿಗೆ ಹೊಡೆಯುತ್ತಿತ್ತು. ಮೆಷಿನ್ನು ಹಾಗೇ ಇತ್ತು, ಕಟ್ಟೆಯ ಮೇಲೆ ಕತ್ತರಿ ಹಾಗೇ ಇತ್ತು. ಅದನ್ನು ತೆಗೆದಿಡುವ ಮನಸ್ಸು ಅವಳಿಗೆ ಬಂದಿರಲಿಲ್ಲ. ಉಸಿರು ಎಳೆದರೆ ಗಂಟಲು ಒಣಗುವ ಆ ಸೆಕೆಯಲ್ಲಿ, ಅತ್ತೆ ಕೂರುತ್ತಿದ್ದ ಕುರ್ಚಿಯಲ್ಲೇ ಕೂತು ಕಾದಳು. ಕೆಳಗೆ ಕಾರುಗಳು ಬಂದವು, ಚಪ್ಪಾಳೆಯಾಯಿತು, ಧ್ವನಿವರ್ಧಕ ಕೆಮ್ಮಿತು. ದೊಡ್ಡವರ ಮಾತು ಕಿಟಕಿಯಿಂದ ಒಳಗೆ ಬಂತು.

"ಹವಾಮಾನ ಬದಲಾಗ್ತಾ ಇದೆ. ಜಗತ್ತೇ ತತ್ತರಿಸ್ತಾ ಇದೆ. ಆದರೆ ಹೆಮ್ಮೆಯಿಂದ ಹೇಳ್ತೀನಿ, ಈ ಬೇಸಿಗೆಯಲ್ಲಿ ನಮ್ಮ ಊರಲ್ಲಿ ಬಿಸಿಲಿಗೆ ಒಂದೇ ಒಂದು ಜೀವ ಹೋಗಿಲ್ಲ!"

ಮತ್ತೆ ಚಪ್ಪಾಳೆ. ಸೊಸೆ ಎದ್ದಳು. ಚಿನ್ನದ ಬಣ್ಣದ್ದನ್ನು ಕಟ್ಟೆಯ ಮೇಲಿಟ್ಟು, ಅತ್ತೆಯ ಕತ್ತರಿಯನ್ನು ಬಟ್ಟೆಯಲ್ಲಿ ಹಿಡಿದು ತಟ್ಟೆಗೆ ತೆಗೆದುಕೊಂಡಳು. ಬಟ್ಟೆಯ ಮೂಲಕವೂ ಬಿಸಿ ಅಂಗೈಗೆ ತಾಗಿತು. ಮೇಲೊಂದು ಮಡಿಸಿದ ಬಟ್ಟೆ ಮುಚ್ಚಿ, ಒಂದೇ ಉಸಿರಿಗೆ ಮೆಟ್ಟಿಲು ಇಳಿದಳು.

ಕೆಳಗೆ ಪೇಂಟರು ಗಾಬರಿಯಲ್ಲಿದ್ದ. "ಎಲ್ಲಿ ಹೋಗಿದ್ರಿ ಅಕ್ಕ, ಕತ್ತರಿ ಕತ್ತರಿ ಅಂತ ಕೂಗ್ತಿದ್ದಾರೆ." ಅವಳು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ತಟ್ಟೆ ಚಾಚಿದಳು. ಎಂಜಿನಿಯರು ಬಟ್ಟೆ ಸರಿಸಿ, ಕತ್ತರಿ ನೋಡಿ ಬಿಳಿಚಿಕೊಂಡ. ಅಷ್ಟರಲ್ಲಿ ದೊಡ್ಡವರು ಕ್ಯಾಮೆರಾಗಳ ಕಡೆ ನಗುತ್ತ, ಕೆಳಗೆ ನೋಡದೆ ಕೈ ಹಾಕಿ, ಹಿಡಿಯೊಳಗೆ ಬೆರಳು ತೂರಿಸಿ ಎತ್ತಿಯೂ ಬಿಟ್ಟರು.

"ಅಮ್ಮಾ!" ಎಂದು ಕೂಗಿ ಕೈ ಒದರಿದರು. ಕತ್ತರಿ ಹೊಸ ನೆಲದ ಮೇಲೆ ದೊಪ್ಪೆಂದು ಬಿದ್ದು ಒಂದು ಟೈಲ್ಸಿನ ಮೂಲೆ ಹಾರಿತು. ಯಾರೋ ನೀರಿಗೆ ಓಡಿದರು, ಯಾರೋ ಮಂಜುಗಡ್ಡೆಗೆ ಓಡಿದರು. ದೊಡ್ಡವರ ನಗು ಎಲ್ಲೋ ಹೋಗಿ, ಮುಖ ಕೆಂಪಾಗಿತ್ತು.

"ಏನಮ್ಮ ಇದು? ಕೈ ಸುಟ್ಟುಹೋಯ್ತು! ಒಲೆ ಮೇಲೆ ಇಟ್ಟಿದ್ಯಾ?"

ಕೊರಳಿಗೆ ಸಿಕ್ಕಿಸಿಕೊಂಡಿದ್ದ ಅವರ ಮೈಕು ಇನ್ನೂ ಆನ್ ಇತ್ತು. ಮಾತು ಇಡೀ ಬೀದಿಗೆ ಕೇಳಿಸಿತು. ಸೊಸೆ ಅವರ ಹತ್ತಿರವೇ ನಿಂತಿದ್ದಳು. ಅವಳದೂ ಕೇಳಿಸಿತು.

"ಇಲ್ಲ ಸಾರ್. ಒಲೆ ಮೇಲೆ ಇಟ್ಟಿರಲಿಲ್ಲ. ನಮ್ಮನೆ ಕಿಟಕೀಲಿ ಇತ್ತು. ಅಲ್ಲಿ, ಮೇಲೆ." ಅವಳು ಕೈ ತೋರಿಸಿದ ಕಡೆ ಎಲ್ಲರೂ ತಲೆ ಎತ್ತಿದರು, ಕ್ಯಾಮೆರಾಗಳೂ ಎತ್ತಿದವು. "ನೀವು ಅದನ್ನ ಒಂದು ಗಳಿಗೆ ಹಿಡಿಯೋಕಾಗಲಿಲ್ಲ. ನಮ್ಮತ್ತೆ ಅದರ ಪಕ್ಕದಲ್ಲೇ ದಿನವೆಲ್ಲ ಕೂತಿರ್ತಿದ್ರು. ನೀವು ಬರ್ತೀರಿ ಅಂತ ಹೊಸ ಬಟ್ಟೆ ಉಟ್ಕೊಂಡು ಕೂತಿದ್ರು ಸಾರ್."

ಮಂಜುಗಡ್ಡೆಯ ನೀರು ನೆಲದ ಮೇಲೆ ಹರಿಯುತ್ತಿತ್ತು. ಸೊಸೆ ಬಗ್ಗಿ ಕತ್ತರಿಯನ್ನು ಬರಿಗೈಯಲ್ಲೇ ಎತ್ತಿಕೊಂಡಳು. ಸುಟ್ಟಿತು, ಬಿಡಲಿಲ್ಲ. ರಿಬ್ಬನ್ ಹಿಡಿದು ಒಂದೇ ಏಟಿಗೆ ಕತ್ತರಿಸಿದಳು. ತುದಿಯನ್ನು ಕಣ್ಣ ಹತ್ತಿರ ತಂದು ನೋಡಿದಳು. ಅಂಚು ನೆಟ್ಟಗಿತ್ತು, ಒಂದು ದಾರವೂ ಎದ್ದಿರಲಿಲ್ಲ.